ಹಾಕಿ ಟೀಮಿನ ಸುದ್ದಿ ಮತ್ತು ಪಕ್ಕದ ಮನೆಯ ನರ್ಸಕ್ಕ

ಕೊಡಗು ಆಗ ಬೇರೆಯೇ ರಾಜ್ಯವಾಗಿತ್ತು. ಅದು ಮೈಸೂರಿಗೆ ಸೇರುತ್ತದೆ, ಸೇರುವುದಿಲ್ಲ ಎಂದು ಮಡಿಕೇರಿಯ ಹೋಟೆಲುಗಳಲ್ಲಿ ಜನ ಮೇಜು ಗುದ್ದಿ ವಾದಿಸುತ್ತಿದ್ದರು. ನಮ್ಮ ಮನೆಯ ಜಗಲಿಯಲ್ಲಿ ಮಾತ್ರ ಆ ಮಾತಿಗೆ ಜಾಗವಿರಲಿಲ್ಲ. ಅಲ್ಲಿ ಸಂಜೆಯಾದರೆ ಹಾಕಿ. ಕೋಟೆಯೊಳಗಿನ ಕಚೇರಿಯಲ್ಲಿ ಗುಮಾಸ್ತರಾಗಿದ್ದ ನಮ್ಮ ಅಪ್ಪ, ಸೈನ್ಯದಿಂದ ನಿವೃತ್ತರಾಗಿ ಬಂದಿದ್ದ ಒಬ್ಬ ಸುಬೇದಾರರು, ಊರ ಟೀಮಿಗೆ ಅಂಗಿ ಹೊಲಿಯುತ್ತಿದ್ದ ದರ್ಜಿ ಸಾಹೇಬರು, ಈ ಮೂವರು ಕೂತರೆಂದರೆ ಯಾರ ಮಂಡಿ ಊದಿದೆ, ಯಾರಿಗೆ ಯಾರ ಮೇಲೆ ಮುನಿಸು, ಮುಂದಿನ ಮ್ಯಾಚಿಗೆ ಗೋಲಿನಲ್ಲಿ ನಿಲ್ಲುವವನು ಯಾರು, ಎಲ್ಲವೂ ಅಲ್ಲೇ ತೀರ್ಮಾನವಾಗಬೇಕು.

ಆ ಜಗಲಿಯಲ್ಲಿ ನನಗೂ ಒಂದು ಬೆಲೆಯಿತ್ತು. ಅಣ್ಣ ಟೀಮಿನಲ್ಲಿದ್ದ. ಹನ್ನೊಂದು ಜನರಲ್ಲಿ ಅಲ್ಲ, ಯಾರಾದರೂ ಬಾರದಿದ್ದರೆ ಆಡಿಸೋಣ ಎಂದು ಇಟ್ಟುಕೊಂಡವರಲ್ಲಿ. ಅವನು ಪ್ರಾಕ್ಟೀಸಿನಿಂದ ಹೊತ್ತು ತಂದ ಸುದ್ದಿಯನ್ನು ನಾನು ಕಾಫಿಯ ಜೊತೆ ಜಗಲಿಗೆ ಒಯ್ಯುತ್ತಿದ್ದೆ. ಶಾಲೆಯಲ್ಲಿ ಇಡೀ ದಿನ ಮಕ್ಕಳಿಂದ ಮಗ್ಗಿ ಹೇಳಿಸುತ್ತಿದ್ದ ನನ್ನ ಮಾತಿಗೆ ಮೂವರು ಹಿರಿಯರು ಲೋಟ ಕೆಳಗಿಟ್ಟು ಕಿವಿಗೊಡುತ್ತಿದ್ದರು. ಅದರ ರುಚಿ ನನಗೆ ಹತ್ತಿಬಿಟ್ಟಿತ್ತು.

ಹಾಗಿರುವಾಗ ಪಕ್ಕದ ಮನೆಗೆ ಸರ್ಕಾರಿ ಆಸ್ಪತ್ರೆಯ ನರ್ಸೊಬ್ಬರು ತಾಯಿಯ ಜೊತೆ ಬಾಡಿಗೆಗೆ ಬಂದರು. ಕಕ್ಕಬೆ ಕಡೆಯ ಕೊಡವರು, ನನಗಿಂತ ನಾಲ್ಕೈದು ವರ್ಷ ದೊಡ್ಡವರು. ನಾವು ನರ್ಸಕ್ಕ ಎನ್ನುತ್ತಿದ್ದೆವು. ಒಳ್ಳೆಯವರೇ. ಆದರೆ ನಮ್ಮ ಟೀಮಿನ ಸೆಂಟರ್ ಫಾರ್ವರ್ಡ್ ಅವರ ಚಿಕ್ಕಪ್ಪನ ಮಗ ಎಂದು ಸುಬೇದಾರರಿಗೆ ಗೊತ್ತಾಗಿದ್ದೇ ತಡ, ನನ್ನ ಗ್ರಹಚಾರ ಶುರುವಾಯಿತು. ಡ್ಯೂಟಿ ಮುಗಿಸಿ ಬರುವ ಅವರನ್ನು ಗೇಟಿನಲ್ಲೇ ತಡೆದು, "ಬನ್ನಿ ಸಿಸ್ಟರ್, ಒಂದು ಲೋಟ ಕಾಫಿ ಕುಡ್ದು ಹೋಗಿ" ಎಂದು ಜಗಲಿಗೆ ಕರೆದರು. ಅಪ್ಪ ಒಳಗಿನಿಂದ ಕುರ್ಚಿ ತಂದು ಹಾಕಿದರು. ಅಷ್ಟು ವರ್ಷ ಸುದ್ದಿ ಹೇಳಿದ ನನಗೆ ಯಾರೂ ಕುರ್ಚಿ ಹಾಕಿರಲಿಲ್ಲ. ನಾನು ಬಾಗಿಲಿಗೆ ಒರಗಿ ನಿಂತೇ ಹೇಳುತ್ತಿದ್ದೆ. ಆ ದಿನ ಕಾಫಿ ಕೊಟ್ಟು ಒಳಗೆ ಬಂದವಳು ಪಾತ್ರೆಗಳನ್ನು ಕುಕ್ಕಿ ಕುಕ್ಕಿ ಇಟ್ಟೆ.

"ಪಾತ್ರೆ ನಿಂಗೇನು ಮಾಡ್ತು?" ಎಂದಳು ಅಮ್ಮ.

ಕಾಫಿ ಕುಯ್ಲಿನ ಚಳಿಗಾಲ. ವೀರಾಜಪೇಟೆಯ ಟೀಮಿನ ಮೇಲೆ ದೊಡ್ಡ ಮ್ಯಾಚು ಹತ್ತಿರ ಬಂದಿತ್ತು. ಒಂದು ಸಂಜೆ ದರ್ಜಿ ಸಾಹೇಬರು ಜಗಲಿ ಹತ್ತುವಾಗಲೇ ಮುಖ ಸಣ್ಣ ಮಾಡಿಕೊಂಡಿದ್ದರು.

"ಹೊಸ ಅಂಗಿಗೆ ಎಲ್ಲಾ ಹುಡುಗರೂ ಅಳತೆ ಕೊಟ್ರು ಸ್ವಾಮಿ. ಸೆಂಟರ್ ಫಾರ್ವರ್ಡ್ ಬರ್ಲಿಲ್ಲ. ಎರಡು ಸಲ ಹೇಳಿ ಕಳ್ಸಿದೆ."

"ಅಂದ್ರೆ ಬೆಂಗಳೂರಿಂದು ನಿಜ," ಎಂದರು ಸುಬೇದಾರರು. ಬೆಂಗಳೂರಿನ ಒಂದು ಕಾರ್ಖಾನೆ ಆಟಗಾರರಿಗೆ ಕೆಲಸ ಕೊಟ್ಟು ತನ್ನ ಟೀಮಿಗೆ ಸೇರಿಸಿಕೊಳ್ಳುತ್ತಿದೆ ಎಂಬ ಗಾಳಿಮಾತು ಆಗಲೇ ಊರಲ್ಲಿತ್ತು.

ನನಗೆ ಒಂದು ಕ್ಷಣ ಖುಷಿಯಾಯಿತು. ಅವನು ಹೋದರೆ ನರ್ಸಕ್ಕನ ಕುರ್ಚಿಯೂ ಹೋಗುತ್ತದೆ. ಅಷ್ಟರಲ್ಲಿ ಅವರೇ ಬಂದರು. ಮೂವರೂ ಒಟ್ಟಿಗೆ ಕೇಳಿದರು. ನರ್ಸಕ್ಕ ಕಾಫಿ ಆರಿಸುತ್ತಾ, "ನಂಗೇನು ಗೊತ್ತು ಮಾವ? ಅವ್ನನ್ನೇ ಕೇಳ್ಬೇಕಲ್ವಾ," ಎಂದರು. ತಮ್ಮನ ವಿಷಯ ಅಕ್ಕನಿಗೇ ಗೊತ್ತಿಲ್ಲ ಎಂದು ನಾನು ಒಳಗೊಳಗೇ ಹಿಗ್ಗಿದೆ.

ವಾರ ಕಳೆದಿರಬೇಕು. ಬೆಳಿಗ್ಗೆ ಶಾಲೆಗೆ ಹೋಗುವಾಗ ಬಸ್ ಸ್ಟ್ಯಾಂಡಿನಲ್ಲಿ ಆ ಸೆಂಟರ್ ಫಾರ್ವರ್ಡನನ್ನು ಕಂಡೆ. ಹಾಸಿಗೆಯ ಹೋಲ್ಡಾಲು, ಟ್ರಂಕು, ಗೋಣಿಪಟ್ಟೆಯಲ್ಲಿ ಸುತ್ತಿದ ಹಾಕಿ ಸ್ಟಿಕ್ಕು. ಮೈಸೂರು ಬಸ್ಸಿನ ಮೇಲೆ ಕೂಲಿಯವನು ಸಾಮಾನು ಏರಿಸುತ್ತಿದ್ದ. ಅಂಥ ಸುದ್ದಿ ನನ್ನ ಕೈಗೆ ಮತ್ತೆ ಸಿಗಲಾರದು. ಆ ದಿನ ತರಗತಿಯಲ್ಲಿ ಏನು ಪಾಠ ಮಾಡಿದೆನೋ ದೇವರಿಗೇ ಗೊತ್ತು. ಸಂಜೆ ಓಡೋಡಿ ಬಂದು, ಕಾಲು ತೊಳೆಯದೆ ಜಗಲಿ ಹತ್ತಿ ಬಾಯಿ ತೆರೆಯಬೇಕು, ಕುರ್ಚಿಯಲ್ಲಿದ್ದ ನರ್ಸಕ್ಕನೇ ಹೇಳಿಬಿಟ್ಟರು:

"ತಮ್ಮ ಇವತ್ತು ಬೆಳಿಗ್ಗೆ ಬೆಂಗಳೂರಿಗೆ ಹೋದ. ನಂಗೆ ಮೊದ್ಲೇ ಗೊತ್ತಿತ್ತು. ಕೆಲ್ಸ ಖಾತ್ರಿ ಆಗುವವರೆಗೆ ಯಾರಿಗೂ ಹೇಳ್ಬೇಡ ಅಂದಿದ್ದ. ಬೇಜಾರು ಮಾಡ್ಬೇಡಿ ಮಾವ."

ಸುಬೇದಾರರು ಬೈಯುತ್ತಾರೆ ಎಂದುಕೊಂಡೆ. ಅವರು ಮೀಸೆ ನೀವಿಕೊಂಡು, "ಮಾತು ಉಳ್ಸಿದೆಯಲ್ಲ ಮಗಳೇ, ಶಭಾಷ್," ಎಂದರು. ಸಿಸ್ಟರ್ ಹೋಗಿ ಮಗಳಾಗಿದ್ದಳು! ನನ್ನ ಬಸ್ ಸ್ಟ್ಯಾಂಡಿನ ಸುದ್ದಿ ಗಂಟಲಲ್ಲೇ ಒಣಗಿತು. ಅಷ್ಟು ದಿನ ಇದ್ದದ್ದು ಕುರ್ಚಿಯ ಹೊಟ್ಟೆಕಿಚ್ಚು. ಇದು ಬೇರೆ. ನನಗೆ ಯಾರೂ ಯಾವತ್ತೂ ಗುಟ್ಟೊಂದನ್ನು ಕೊಟ್ಟು ಇಟ್ಟುಕೋ ಎಂದಿರಲಿಲ್ಲ ಎಂಬುದು ಆ ಸಂಜೆಯೇ ಹೊಳೆದದ್ದು.

ತೆರವಾದ ಜಾಗಕ್ಕೆ ಅಣ್ಣನ ಹೆಸರು ಬಂತು. ಈಗ ನೋಡಿ, ಎಲ್ಲರೂ ಮತ್ತೆ ನನ್ನನ್ನೇ ಕೇಳತೊಡಗಿದರು. ಅಣ್ಣ ಏನು ತಿಂದ, ಎಷ್ಟು ಹೊತ್ತು ಓಡಿದ, ಎಡಗಡೆಯಿಂದ ಹೊಡೆತ ಹೇಗಿದೆ, ಅವರು ಕೇಳಿದ್ದಕ್ಕೂ ಕೇಳದ್ದಕ್ಕೂ ನಾನು ಉತ್ತರ ಕೊಟ್ಟೆ. ನರ್ಸಕ್ಕ ಸುಮ್ಮನೆ ಕೂತು ಕೇಳುತ್ತಿದ್ದರು. ಅವರು ಬಾಯಿ ಬಿಡದಿರುವುದು ಹೊಟ್ಟೆಕಿಚ್ಚಿನಿಂದ ಎಂದುಕೊಂಡು ನನಗೆ ತಂಪಾಗಿತ್ತು.

ಮ್ಯಾಚಿನ ದಿನ ನಾನೂ ನರ್ಸಕ್ಕನೂ ಮೈದಾನದ ಅಂಚಿನಲ್ಲಿ ಹೆಂಗಸರ ಗುಂಪಿನಲ್ಲಿ ನಿಂತಿದ್ದೆವು. ಮೊದಲರ್ಧದಲ್ಲಿ ಅಣ್ಣ ಒಂದು ಗೋಲು ಹೊಡೆದ. ನಾನು ಕುಣಿದದ್ದಕ್ಕೆ ಹಿಂದಿನವರು ಬೈದರು. ಎರಡನೆಯ ಅರ್ಧದಲ್ಲಿ ಅವನು ಯಾರ ಕಾಲೂ ತಾಗದೆ, ತಿರುಗುವಾಗ ಹಾಗೇ ಕುಸಿದು ಬಿದ್ದ. ನರ್ಸಕ್ಕ ನನ್ನ ಕೈ ಗಟ್ಟಿಯಾಗಿ ಹಿಡಿದರು.

"ಅಯ್ಯೋ, ಅದೇ ಕಾಲು!"

"ಅದೇ ಕಾಲು ಅಂದ್ರೆ?" ಎಂದೆ.

ಅವರು ಆಗಲೇ ಮೈದಾನದೊಳಕ್ಕೆ ಓಡಿದ್ದರು. ಗಾಯವಾದವನ ಬದಲಿಗೆ ಇನ್ನೊಬ್ಬನನ್ನು ಇಳಿಸುವ ಪದ್ಧತಿ ಆಗ ಇರಲಿಲ್ಲ. ನಮ್ಮವರು ಹತ್ತೇ ಜನ ಆಡಿ ಒಂದು ಗೋಲಿನಿಂದ ಸೋತರು.

ಮನೆಯಲ್ಲಿ ಅಣ್ಣ ಕಾಲು ಚಾಚಿ ಮಲಗಿದ್ದ. ಮಂಡಿ ಹಲಸಿನಕಾಯಿಯ ಹಾಗೆ ಊದಿತ್ತು. ಪ್ರಾಕ್ಟೀಸಿನಲ್ಲೇ ಪೆಟ್ಟಾಗಿ, ದಿನವೂ ಆಸ್ಪತ್ರೆಗೆ ಹೋಗಿ ನರ್ಸಕ್ಕನಿಂದ ಪಟ್ಟಿ ಕಟ್ಟಿಸಿಕೊಳ್ಳುತ್ತಿದ್ದನಂತೆ.

"ನಂಗ್ಯಾಕೆ ಹೇಳ್ಲಿಲ್ಲ? ನಾನು ನಿನ್ನ ಒಡಹುಟ್ಟಿದವಳಲ್ವಾ?"

"ನಿಂಗೆ ಹೇಳಿದ್ರೆ ಸಂಜೆಯೊಳಗೆ ಜಗಲಿಗೆ ಗೊತ್ತಾಗ್ತಿತ್ತು. ಜಗಲಿಗೆ ಗೊತ್ತಾದ್ರೆ ಕ್ಯಾಪ್ಟನ್‌ಗೆ ಗೊತ್ತಾಗ್ತಿತ್ತು. ನಾನು ಆ ಒಂದು ಗೋಲೂ ಹೊಡೀತಿರ್ಲಿಲ್ಲ," ಎಂದ, ನಗುತ್ತಲೇ.

ನಾನು ನಗಲಿಲ್ಲ. ಹಿತ್ತಲಿಗೆ ಹೋಗಿ ಒಗೆಯುವ ಕಲ್ಲಿನ ಮೇಲೆ ಕೂತು ಅತ್ತೆ. ಟೀಮು ಸೋತದ್ದಕ್ಕೆ ಅಳುತ್ತಿದ್ದೇನೆ ಎಂದುಕೊಂಡು ಅಪ್ಪ ಸಮಾಧಾನ ಮಾಡಲು ಬಂದರು. ಹಾಗೆಯೇ ತಿಳಿದುಕೊಳ್ಳಲಿ ಎಂದು ಬಿಟ್ಟೆ.

ಅಣ್ಣನ ಕಾಲು ಸರಿಹೋಯಿತು, ಆದರೆ ಅವನು ಮತ್ತೆ ಆಡಲಿಲ್ಲ. ಮರುವರ್ಷ ಸೆಂಟರ್ ಫಾರ್ವರ್ಡ್ ರಜೆಗೆ ಊರಿಗೆ ಬಂದವನು ಮೈಸೂರುಪಾಕಿನ ಪೊಟ್ಟಣ ಹಿಡಿದು ನೆಟ್ಟಗೆ ನರ್ಸಕ್ಕನ ಮನೆಗೆ ಹೋದ. ಅವರು ಅದರಲ್ಲಿ ಅರ್ಧವನ್ನು ಬಟ್ಟಲಿಗೆ ಹಾಕಿ ನಮ್ಮಲ್ಲಿಗೂ ಕಳಿಸಿದರು. ಅಣ್ಣನೂ ಅಮ್ಮನೂ ಚಪ್ಪರಿಸಿ ತಿಂದರು. ತುಪ್ಪದ ವಾಸನೆ ಮನೆಯೆಲ್ಲ ತುಂಬಿತ್ತು. ನಾನು ಒಂದು ಚೂರೂ ಮುಟ್ಟಲಿಲ್ಲ.