ಸಿಸ್ಟರಮ್ಮನ ಮನೆಗೆ ಬಂದವಳು

ಹೋದ ವಾರ ಚಳ್ಳಕೆರೆಯ ಕ್ಲಿನಿಕ್ಕಿನಲ್ಲಿ ಇಂಜೆಕ್ಷನ್ ಕೊಡುವ ಮೊದಲು ನರ್ಸೊಬ್ಬಳು ನನ್ನ ತೋಳಿಗೆ ಸ್ಪಿರಿಟ್ಟಿನ ಹತ್ತಿ ಒರೆಸಿದಳು. ಆ ವಾಸನೆ ಮೂಗಿಗೆ ತಾಗಿದ್ದೇ ತಡ, ಮೊಳಕಾಲ್ಮೂರಿನ ಆ ಜೋಡಿಮನೆ, ಗೋಡೆಯಾಚೆಯ ಸಿಸ್ಟರಮ್ಮ... ಎಲ್ಲ ಒಮ್ಮೆಗೇ ನೆನಪಾಯಿತು.

ನಾನು ಟೀಚರಾಗಿ ಮೊಳಕಾಲ್ಮೂರಿಗೆ ಹೋದ ಹೊಸತು. ಒಂದೇ ಸೂರಿನಡಿ ಎರಡು ಮನೆ. ಒಂದರಲ್ಲಿ ನಾನು, ಇನ್ನೊಂದರಲ್ಲಿ ಅವರು. ಸರ್ಕಾರಿ ಆಸ್ಪತ್ರೆಯ ನರ್ಸಾದ್ದರಿಂದ ಇಡೀ ಬೀದಿಗೆ ಸಿಸ್ಟರಮ್ಮ. ಮಗ್ಗಗಳ ಆ ಬೀದಿಯಲ್ಲಿ ಕ್ರೈಸ್ತರೆಂದರೆ ಅವರೊಬ್ಬರೇ. ಗಂಡ ಮದುವೆಯಾದ ಕೆಲವೇ ವರ್ಷಕ್ಕೆ ರಾಂಪುರದ ಒಬ್ಬಳ ಜೊತೆ ಹೋಗಿಬಿಟ್ಟಿದ್ದನಂತೆ. ಮಕ್ಕಳಿರಲಿಲ್ಲ. ಇದನ್ನೆಲ್ಲ ನನಗೆ ಹೇಳಿದ್ದು ಬೀದಿಯವರು. ಸಿಸ್ಟರಮ್ಮ ಗಂಡನ ಮಾತನ್ನೇ ಎತ್ತುತ್ತಿರಲಿಲ್ಲ.

ಭಾನುವಾರ ಬೆಳಿಗ್ಗೆ ಇಬ್ಬರೂ ಒಂದೇ ಬಸ್ಸು ಹಿಡಿಯುತ್ತಿದ್ದೆವು. ನಾನು ಚಳ್ಳಕೆರೆಯಲ್ಲಿದ್ದ ಅವ್ವನನ್ನು ನೋಡಲು, ಅವರು ಅಲ್ಲಿನ ಪ್ರಾರ್ಥನೆಗೆ. ಬಿ.ಜಿ. ಕೆರೆ ದಾಟುವವರೆಗೆ ಕಣ್ಣು ಮುಚ್ಚಿ ಪ್ರಾರ್ಥಿಸುತ್ತ ಕೂತಿರುತ್ತಿದ್ದರು. ಪಕ್ಕದಲ್ಲಿ ಯಾರು ಬಂದು ಕೂತರೂ ತಿರುಗಿ ನೋಡುತ್ತಿರಲಿಲ್ಲ. ಆ ಒಂದು ದಿನಕ್ಕಾಗಿಯೇ ಅವರು ವಾರವನ್ನು ದೂಡುತ್ತಿದ್ದರು ಎಂದು ನನಗೆ ಅನ್ನಿಸುತ್ತಿತ್ತು.

ಒಂದು ಬೇಸಿಗೆಯಲ್ಲಿ ರಾಂಪುರದ ಆ ಹೆಂಗಸು ಆಸ್ಪತ್ರೆಗೆ ಬಂದು ಬಿದ್ದಳು. ಸಿಸ್ಟರಮ್ಮನ ಗಂಡ ಅಷ್ಟರಲ್ಲಿ ತೀರಿಹೋಗಿದ್ದ. ಇವಳ ಹೊಟ್ಟೆಯಲ್ಲಿ ಗಡ್ಡೆ. ಬಳ್ಳಾರಿಯಲ್ಲಿ ಇನ್ನೇನೂ ಮಾಡಲಾಗದೆಂದು ವಾಪಸು ಕಳಿಸಿದ್ದರು. ಆಂಧ್ರದ ಗಡಿಯಾಚೆಯ ತವರಿನವರು ಮನೆಗೆ ಸೇರಿಸಿರಲಿಲ್ಲ. ಸಿಸ್ಟರಮ್ಮ ಅವಳನ್ನು ಆಟೋದಲ್ಲಿ ಕೂರಿಸಿಕೊಂಡು ಮನೆಗೆ ಬಂದರು. ಬೀದಿಯೆಲ್ಲ ಬಾಗಿಲಿಗೆ ಬಂದು ನಿಂತಿತು. ಎದುರುಮನೆಯ ಅಜ್ಜಿ, ಇವಳನ್ನ ಯಾಕ್ ತಂದ್ರಿ ಎಂದು ಕೇಳಿಯೇಬಿಟ್ಟಿತು.

"ಬೆಡ್ಡು ಖಾಲಿ ಮಾಡ್ಸಿದ್ರವ್ವ. ಇನ್ನೆಲ್ಲಿಗೆ ಹೋಗ್ತಾಳೆ?" ಎಂದಷ್ಟೇ ಹೇಳಿ ಒಳಗೆ ಹೋದರು.

ಭಾನುವಾರದ ಬಸ್ಸಿನಲ್ಲಿ ಈಗ ನಾನೊಬ್ಬಳೇ. ಸಿಸ್ಟರಮ್ಮ ಕಾಣದ್ದಕ್ಕೆ ಚಳ್ಳಕೆರೆಯ ಪಾಸ್ಟರು ಕೆಲವರೊಂದಿಗೆ ಮನೆಗೇ ಬಂದು, ನೀವು ಮಾಡುತ್ತಿರುವುದೇ ದೊಡ್ಡ ಆರಾಧನೆ ಎಂದು ಹೊಗಳಿ ಹೋದರು. ಆ ಸಂಜೆ ಹಿತ್ತಲಲ್ಲಿ ರೋಗಿಯ ಬಟ್ಟೆ ಹಿಂಡುತ್ತಿದ್ದ ಸಿಸ್ಟರಮ್ಮ ಮುಖ ಎತ್ತದೆ ನನಗೆ ಹೇಳಿದರು:

"ಅವರಿಗೇನು ಗೊತ್ತು. ಕೈ ಮಾಡ್ತೈತೆ ಅಷ್ಟೇ ಕಣವ್ವ. ಒಳಗೆ ಪ್ರೀತಿ ಅನ್ನೋದು ಒಂದು ಚೂರೂ ಇಲ್ಲ."

ಆಮೇಲೆ ಯಾರಿಗೂ ಹೇಳಿರದ ಇನ್ನೊಂದು ಮಾತು ಹೇಳಿದರು. ಪ್ರತಿ ಭಾನುವಾರ ಎಲ್ಲರೂ ಸೇರಿ ಹೇಳುವ ಪ್ರಾರ್ಥನೆಯಲ್ಲಿ, ನಮಗೆ ತಪ್ಪು ಮಾಡಿದವರನ್ನು ನಾವು ಕ್ಷಮಿಸಿದ್ದೇವೆ ಎಂಬರ್ಥದ ಮಾತು ಬರುತ್ತದಂತೆ. ಗಂಡ ಹೋದಾಗಿನಿಂದ ಆ ಮಾತು ಬಂದಾಗ ಅವರು ಬಾಯಿ ಮುಚ್ಚಿಕೊಳ್ಳುತ್ತಿದ್ದರು. ದೇವರ ಮುಂದೆ ಸುಳ್ಳು ಹೇಳಲು ನಾಲಿಗೆ ಏಳುತ್ತಿರಲಿಲ್ಲ. ಸುತ್ತಲಿನವರ ದನಿ ಅದನ್ನು ದಾಟಿಹೋದ ಮೇಲೆ ಮತ್ತೆ ಸೇರಿಕೊಳ್ಳುವುದು... ಅಷ್ಟು ಜನರ ನಡುವೆ ಎಷ್ಟು ಒಂಟಿಯಾಗಿ ನಿಂತಿದ್ದರೋ.

ಒಂದು ಮಧ್ಯಾಹ್ನ ನಾನು ರಾಗಿ ಗಂಜಿ ಕೊಡಲು ಹೋಗಿದ್ದೆ. ಸಿಸ್ಟರಮ್ಮ ಅದನ್ನು ಮಂಚದ ಪಕ್ಕ ಇಟ್ಟು ಎಂದಿನಂತೆ ಅಡುಗೆಮನೆಗೆ ತಿರುಗಿದರು. ದಿನವೂ ಅವರು ಉಣ್ಣುತ್ತಿದ್ದುದು ಅಲ್ಲೇ, ಬಾಗಿಲಿಗೆ ಬೆನ್ನು ಮಾಡಿ. ಮಂಚದಲ್ಲಿದ್ದವಳು ಅವರ ಸೆರಗು ಹಿಡಿದುಕೊಂಡಳು.

"ಒಂಟರಿಗಾ ತಿನಲೇನಕ್ಕಾ," ಎಂದಳು. ಒಬ್ಬಳೇ ತಿನ್ನಲಾರೆ ಅಕ್ಕಾ ಎಂದು ತೆಲುಗಿನಲ್ಲಿ.

ಸಿಸ್ಟರಮ್ಮ ಸೆರಗು ಬಿಡಿಸಿಕೊಳ್ಳಲಿಲ್ಲ. ಆಮೇಲೆ ಒಳಗೆ ಹೋಗಿ ತಮ್ಮ ತಟ್ಟೆ ತಂದು ಮಂಚದ ಪಕ್ಕ ನೆಲಕ್ಕೆ ಕೂತರು. ನಾನು ಮೆಲ್ಲಗೆ ಹೊರಗೆ ಬಂದೆ.

ಆವತ್ತಿನಿಂದ ಊಟದ ಹೊತ್ತಿಗೆ ಗೋಡೆಯಾಚೆ ಎರಡು ದನಿ ಕೇಳುತ್ತಿದ್ದವು. ಒಮ್ಮೆ ಇಬ್ಬರೂ ನಗುತ್ತಿದ್ದರು. ಏನೆಂದು ಕೇಳಿದ್ದಕ್ಕೆ ಸಿಸ್ಟರಮ್ಮ ಸ್ವಲ್ಪ ನಾಚಿಕೊಂಡು, ಅವನ ಗೊರಕೆ ವಿಷಯ ಬಂತು ಎಂದರು.

ಬಹಳ ದಿನಗಳ ಮೇಲೆ ಒಂದು ಭಾನುವಾರ, ಎದುರುಮನೆಯ ಆ ಅಜ್ಜಿಯೇ ರೋಗಿಯ ಬಳಿ ಕೂರಲು ಒಪ್ಪಿತು. ಸಿಸ್ಟರಮ್ಮ ನನ್ನೊಂದಿಗೆ ಚಳ್ಳಕೆರೆಗೆ ಬಂದರು. ಮರಳುವಾಗ ಬಸ್ಸಿನಲ್ಲಿ ಕಿಟಕಿಯಾಚೆ ನೋಡುತ್ತ, "ಇವತ್ತು ಪ್ರಾರ್ಥನೆ ಪೂರ್ತಿ ಹೇಳ್ದೆ," ಎಂದರು. ಮರುಗಳಿಗೆಗೇ, ಅವಳು ಉಂಡಳೋ ಇಲ್ಲವೋ, ಈ ಬಸ್ಸು ನೋಡಿದರೆ ಹೀಗೆ ತೆವಳುತ್ತಿದೆ ಎಂದು ಚಡಪಡಿಸತೊಡಗಿದರು.

ಮಳೆ ಬೀಳುವ ಮೊದಲೇ ಅವಳು ತೀರಿಹೋದಳು. ತವರಿನಿಂದ ಯಾರೂ ಬರಲಿಲ್ಲ. ಮೊದಲ ಹಿಡಿ ಮಣ್ಣು ಹಾಕಿದವರು ಸಿಸ್ಟರಮ್ಮ. ಇನ್ನು ಅವರ ಹೊರೆ ಇಳಿಯಿತೆಂದು ಬೀದಿಯವರು ಅಂದುಕೊಂಡರು. ಆದರೆ ಗಂಡ ಹೋದದ್ದಕ್ಕೂ ಇಷ್ಟು ಸಂಕಟವಾಗಿರಲಿಲ್ಲ ಎಂದು ಅವರು ಒಂದು ದಿನ ನನ್ನೆದುರು ಅತ್ತುಬಿಟ್ಟರು. ಆಮೇಲೂ ಭಾನುವಾರ ತಪ್ಪಿಸಲಿಲ್ಲ. ಬಸ್ಸಿನಲ್ಲಿ ಮಾತ್ರ ಕಣ್ಣು ಮುಚ್ಚುವುದನ್ನು ಬಿಟ್ಟಿದ್ದರು. ಯಾರದೋ ಕೂಸನ್ನು ತೊಡೆಯ ಮೇಲಿಟ್ಟುಕೊಂಡು, ಯಾರದೋ ನೋವು ಕೇಳಿಕೊಂಡು ಬರುತ್ತಿದ್ದರು. ಪ್ರಾರ್ಥನೆ ಯಾವಾಗ ಎಂದರೆ, ಇದೇ ನಡೀತೈತಲ್ಲ ಎನ್ನುವರು.

ನನಗೆ ವರ್ಗವಾಯಿತು. ಅವರು ನಿವೃತ್ತರಾಗಿ ಎಲ್ಲಿಗೋ ಹೋದರು. ತೀರಿಕೊಂಡರೆಂಬ ಸುದ್ದಿ ಬಹಳ ತಡವಾಗಿ ಬಂತು...

ಈ ಭಾನುವಾರ ನಾನು ಅವರು ಬರುತ್ತಿದ್ದ ಚಳ್ಳಕೆರೆಯ ಆ ಪ್ರಾರ್ಥನಾ ಮಂದಿರಕ್ಕೆ ಹೋಗಿದ್ದೆ. ಪಾಸ್ಟರು ಹೊಸಬರು, ಜನವೂ ಹೊಸಬರು. ಹಿಂದಿನ ಬೆಂಚಿನಲ್ಲಿದ್ದ ಒಬ್ಬ ಮುದುಕಿಯನ್ನು, ಮೊಳಕಾಲ್ಮೂರಿನಿಂದ ಬರುತ್ತಿದ್ದ ನರ್ಸಮ್ಮನ ಗುರುತಿದೆಯೇ ಎಂದು ಕೇಳಿದೆ. ಹೆಸರೇನು ಎಂದಿತು. ಬದುಕಿದ್ದಾಗ ನಾನು ಒಮ್ಮೆಯೂ ಕರೆಯದಿದ್ದ ಆ ಹೆಸರನ್ನು ಮೊದಲ ಸಲ ಬಾಯಿಬಿಟ್ಟು ಹೇಳಿದೆ.

ಮುದುಕಿ ತಲೆಯಾಡಿಸಿತು. "ಇಲ್ಲವ್ವ, ನೆನಪಿಗೆ ಬರ್ತಿಲ್ಲ," ಎಂದಿತು.