ಹಾವಿಗೆ ಸಿಗದ ಪರ್ಮಿಟ್ಟು

ಮೊದಲೇ ಒಪ್ಪಿಕೊಂಡುಬಿಡ್ತೀನಿ. ತಪ್ಪು ನನ್ನದು, ಅದೂ ಒಂದಲ್ಲ, ಎರಡು. ನಾನು ಕಣ್ಣಲ್ಲೂ ನೋಡಿರದ ಒಬ್ಬ ಹಿರಿಯರ ದನಿಯನ್ನು ಅಣಕಿಸಿ ಊರಿಗೆಲ್ಲ ಹಂಚಿದೆ. ಆಮೇಲೆ, ಅದೇ ಹಿರಿಯರು ಸಹಿ ಹಾಕದಿದ್ದರೆ ಕಾಲಿಡೋಕೂ ಆಗದ ಜಾಗಕ್ಕೆ, ಅವರನ್ನೊಂದು ಮಾತು ಕೇಳದೆ, ಮೂರು ಟಿಕೆಟ್ ತೆಗೆದೆ.

ನಾನು ಮೈಸೂರಿನವನು. ಐರ್ಲೆಂಡಿನ ಕಾರ್ಕ್ ನಗರದ ಹಾಲಿಹಿಲ್‌ನಲ್ಲಿ ಸಾಫ್ಟ್‌ವೇರ್ ಕೆಲಸ. ಅದು ಸಂಬಳಕ್ಕೆ. ನಿಜವಾದ ಕಸುಬು ಮಿಮಿಕ್ರಿ. ನಮ್ಮ ಮ್ಯಾನೇಜರ್ ಪ್ರತಿ ವಾಕ್ಯವನ್ನೂ ಬೆಟ್ಟ ಹತ್ತಿಸಿ ಆ ಕಡೆಗೆ ಉರುಳಿಸೋ ಕಾರ್ಕ್ ರಾಗ, ಇಲ್ಲಿಯ ಕನ್ನಡ ಸಂಘದ ಅಧ್ಯಕ್ಷರು ‘ಎರಡೇ ಮಾತು’ ಅಂತ ಶುರುಮಾಡಿ ಬಿಸಿಬೇಳೆಬಾತ್ ಆರುವವರೆಗೂ ಮೈಕ್ ಬಿಡದ ಠೀವಿ, ಎಲ್ಲ ಮಾಡ್ತೀನಿ. ನನ್ನನ್ನೂ ಬಿಟ್ಟಿಲ್ಲ. ಇಮಿಗ್ರೇಶನ್ ಕೌಂಟರಿನ ಮುಂದೆ ನಿಂತಾಗ ನನ್ನ ದನಿ ಒದ್ದೆಯಾದ ಬೆಕ್ಕಿನ ಮರಿಯಂತಾಗುತ್ತೆ. ಅದು ನನ್ನ ಅತಿ ಜನಪ್ರಿಯ ಐಟಂ.

ನಮ್ಮ ಮೇಲಿನ ಮಹಡಿಯಲ್ಲಿ ಒಬ್ಬ ಡಾಕ್ಟರಕ್ಕ ಇದ್ದಾರೆ. ಮಂಗಳೂರಿನಲ್ಲಿ ಓದಿ ಇಲ್ಲಿಯ ಸರಕಾರಿ ಆಸ್ಪತ್ರೆಗೆ ಬಂದವರು. ಎರಡು ವರ್ಷ ಅವರನ್ನು ಮಂಗಳೂರಿನವರೆಂದೇ ನಂಬಿ, ‘ಎಂತ ಮಾರಾಯ್ರೆ’ ಅಂತ ಕಾಡಿಸುತ್ತ, ಅವರು ಮಾಡಿದ ಮೀನು ಸಾರು ತಿಂದುಕೊಂಡಿದ್ದೆ. ಒಂದು ದಿನ ಸಾರು ಬಡಿಸುತ್ತಲೇ ಹೇಳಿದರು, ತಮ್ಮ ಊರು ಮಂಗಳೂರಲ್ಲ, ಅದರಾಚೆಯ ಸಮುದ್ರದ ನಡುವಿನ ಲಕ್ಷದ್ವೀಪ ಅಂತ. ದ್ವೀಪದ ಹೆಸರು ಇಲ್ಲಿ ಬರೆಯಲ್ಲ. ಬರೆದರೆ ನೀವೂ ಟಿಕೆಟ್ ತೆಗೀತೀರಿ.

ಅವರ ತಂದೆ ದ್ವೀಪದಿಂದ ನಮಗೆಲ್ಲ ಅಂತ ಒಂದು ವಾಯ್ಸ್ ಮೆಸೇಜ್ ಕಳಿಸಿದ್ದರು. ಹರೆಯದಲ್ಲಿ ಹಾಯಿ ಹಡಗಿನಲ್ಲಿ ಮಂಗಳೂರಿನ ಬಂದರಿಗೆ ಬಂದುಹೋಗಿ ಕಲಿತ ಕನ್ನಡ. ಮಗಳ ಹತ್ತಿರ ನೀವೆಲ್ಲ ಇದ್ದೀರಲ್ಲ, ನನಗೆ ಸಮಾಧಾನ ಅನ್ನೋದಷ್ಟೇ ಅದರಲ್ಲಿದ್ದದ್ದು. ನನ್ನ ಕಿವಿಗೆ ಬಿದ್ದದ್ದು ಮಾತ್ರ ಆ ರಾಗ. ಹತ್ತೇ ನಿಮಿಷದಲ್ಲಿ ‘ನಮ್ಮ ಸಾಮ್ರಾಜ್ಯದಲ್ಲಿ ರಸ್ತೆ ಒಂದುಂಟು, ಆಟೋ ಒಂದುಂಟು, ರಾಜ ಒಬ್ಬ ಉಂಟು, ಅದು ನಾನೇ ಮಾರಾಯ’ ಅಂತ ಅವರ ದನಿಯಲ್ಲೇ ರೆಕಾರ್ಡ್ ಮಾಡಿ ಸಂಘದ ವಾಟ್ಸಾಪ್ ಗ್ರೂಪಿಗೆ ಹಾಕಿದೆ. ಅದು ಡಬ್ಲಿನ್‌ಗೆ ಹೋಯ್ತು, ಮಂಗಳೂರಿಗೆ ಹೋಯ್ತು, ಕೊನೆಗೆ ಹಡಗಿಗಿಂತ ಬೇಗ ದ್ವೀಪಕ್ಕೂ ಹೋಯ್ತು.

ಇನ್ನು ಟಿಕೆಟ್ಟಿನ ಕಥೆ. ಡಾಕ್ಟರಕ್ಕನ ಫೋನಿನಲ್ಲಿದ್ದ ದ್ವೀಪದ ತಿಳಿನೀರಿನ ಫೋಟೋ ಒಂದನ್ನು ಅಮ್ಮನಿಗೆ ಕಳಿಸಿದ್ದೆ. ಅಪ್ಪ ರಿಟೈರ್ ಆದ ವರ್ಷ. ಡಿಸೆಂಬರಿನಲ್ಲಿ ಮೂವರೂ ಹೋಗಿಬರೋಣ ಅಂತ ಹೇಳಿ ಟಿಕೆಟ್ ತೆಗೆದೇ ಬಿಟ್ಟೆ. ಅಮ್ಮ ಬೀದಿಗೆಲ್ಲ ಹೇಳಿದಳು, ಹಾಲಿನವನಿಗೆ ಹೇಳಿದಳು, ಬ್ಯಾಂಕಿನ ಕ್ಯೂನಲ್ಲಿ ಗುರುತಿಲ್ಲದವರಿಗೂ ಹೇಳಿದಳು. ಅಪ್ಪ ಒಂದು ಹ್ಯಾಟ್ ಕೊಂಡು, ಅದನ್ನು ಹಾಕಿಕೊಂಡೇ ತರಕಾರಿಗೆ ಹೋಗೋಕೆ ಶುರುಮಾಡಿದರು.

ಆಮೇಲೆ ಗೊತ್ತಾಯ್ತು, ಅಲ್ಲಿಗೆ ಹೋಗೋಕೆ ಪರ್ಮಿಟ್ ಬೇಕು ಅಂತ. ಐರ್ಲೆಂಡಿನಲ್ಲಿ ಇರೋಕೆ ಒಂದು ಕಾರ್ಡು, ದುಡಿಯೋಕೆ ಒಂದು ಪರ್ಮಿಟ್ಟು, ಪಕ್ಕದ ಫ್ರಾನ್ಸಿಗೆ ಹೋಗಿಬರೋಕೆ ಒಂದು ವೀಸಾ, ಇದೆಲ್ಲ ನನಗೆ ಮಗ್ಗಿ ಥರ ಬಾಯಿಪಾಠ. ನನ್ನದೇ ದೇಶದ ಒಂದು ತುಂಡು ನೆಲಕ್ಕೆ ನನಗೇ ಪರ್ಮಿಟ್ ಬೇಕಾದೀತು ಅಂತ ಮಾತ್ರ ಹೊಳೆದಿರಲಿಲ್ಲ. ಪ್ರವಾಸಿಗಳ ಪ್ಯಾಕೇಜಿನಲ್ಲಿ ಆ ತಿಂಗಳು ಸೀಟು ಭರ್ತಿ. ಉಳಿದದ್ದು ಒಂದೇ ದಾರಿ. ದ್ವೀಪದವರೊಬ್ಬರು ‘ಇವರು ನನ್ನ ಅತಿಥಿಗಳು, ಇವರ ಜವಾಬ್ದಾರಿ ನನ್ನದು’ ಅಂತ ಒಬ್ಬೊಬ್ಬರ ಹೆಸರಿಗೂ ಬರೆದು ಸಹಿ ಹಾಕಬೇಕು.

ಡಾಕ್ಟರಕ್ಕನ ಬಾಗಿಲು ತಟ್ಟಿದೆ. ಅಲ್ಲಿ ನಿಮ್ಮನ್ನು ಇಟ್ಟುಕೊಳ್ಳುವವಳು ನಾನಲ್ಲ, ತಂದೆ ಮುಂದಿನ ವಾರ ಇಲ್ಲಿಗೇ ಬರ್ತಾರೆ, ಅವರನ್ನೇ ಕೇಳು ಅಂದರು. ಆ ಮೆಸೇಜು ಅವರು ಕೇಳಿದ್ದಾರಾ ಅಂತ ಮೆಲ್ಲಗೆ ವಿಚಾರಿಸಿದೆ. ಕೇಳಿದ್ದಾರೆ, ಏನೂ ಹೇಳಿಲ್ಲ ಅಂದರು. ಬೈದಿದ್ದರೆ ವಾಸಿಯಿತ್ತು.

ಅವರು ಬಂದರು. ಎಪ್ಪತ್ತು ದಾಟಿದ, ಒಣಗಿದ ಹಗ್ಗದಂಥ ಮನುಷ್ಯ. ಎರಡು ಸ್ವೆಟರ್, ಅದರ ಮೇಲೆ ಮಗಳ ಜಾಕೆಟ್, ಕಿವಿ ಮುಚ್ಚುವ ಟೋಪಿ. ನಾನು ‘ತಾತ’ ಅಂದೆ. ‘ಹ್ಞಾಂ, ನೀನಾ’ ಅಂದರು, ಅಷ್ಟೇ. ಎರಡು ವಾರ ನನ್ನ ಬಾಯಿಗೆ ಬೀಗ. ಅವರು ಸೋಮವಾರ ವಾಪಸು ಹೊರಡಬೇಕು ಅನ್ನುವಾಗ, ಶನಿವಾರ ಡಾಕ್ಟರಕ್ಕನಿಗೆ ಡ್ಯೂಟಿ ಬಿತ್ತು. ಇಲ್ಲಿಯ ದ್ವೀಪ ಒಂದನ್ನಾದರೂ ನೋಡಬೇಕು ಅಂತ ಅವರಿಗೆ ಆಸೆಯಂತೆ. ಕಾರಿರುವವನು ನಾನು. ಹೀಗೆ ಸಹಿ ಕೇಳೋಕೆ ನನಗೊಂದು ಹಗಲು ಸಿಕ್ಕಿತು.

ಪಶ್ಚಿಮ ಕಾರ್ಕ್‌ನ ಒಂದು ಪುಟ್ಟ ಬಂದರಿನಿಂದ ಫೆರಿ. ಮೋಡ ಕವಿದಿತ್ತು, ಗಾಳಿ ಕಿವಿ ಹಿಂಡುತ್ತಿತ್ತು. ಎಲ್ಲರೂ ಒಳಗೆ ಕೂತರೆ ತಾತ ಹೊರಗೆ ಕಂಬಿ ಹಿಡಿದು ನಿಂತರು. ದೋಣಿ ವಾಲಿದಾಗ ನಾನು ಕುಣಿಯುತ್ತಿದ್ದೆ, ಅವರ ಮೊಣಕಾಲು ಮಾತ್ರ ತಾನಾಗಿ ಮಡಚಿ ಬಿಚ್ಚುತ್ತಿತ್ತು. ನಿಮ್ಮ ದ್ವೀಪ ಇಷ್ಟು ದೊಡ್ಡದಾ ಅಂತ ಎದುರಿನ ಗುಡ್ಡ ತೋರಿಸಿ ಕೇಳಿದೆ. ಪೀಠಿಕೆ ಹಾಕೋಣ ಅಂತ.

ಅಲ್ಲಿಂದ ಅವರು ಹೇಳುತ್ತಾ ಹೋದರು, ನಾನು ಕೇಳುತ್ತಾ ಹೋದೆ. ಮಾತಿನ ಮಧ್ಯೆ ಬಾಯಿ ಹಾಕದೆ ನಾನು ಅಷ್ಟು ಹೊತ್ತು ನಿಂತದ್ದು ಅದೇ ಮೊದಲು.

ದ್ವೀಪಕ್ಕೆ ಗುಡ್ಡವೇ ಇಲ್ಲವಂತೆ. ಒಂದು ತುದಿಯಿಂದ ಇನ್ನೊಂದಕ್ಕೆ ನಡೆದರೆ ಮುಕ್ಕಾಲು ಗಂಟೆ, ಅಡ್ಡಕ್ಕೆ ನಡೆದರೆ ಒಂದು ಬೀಡಿ ಮುಗಿಯೋದರೊಳಗೆ ಆಚೆ ಕಡಲು. ಊರಿನಲ್ಲಿ ಎಲ್ಲಕ್ಕಿಂತ ಎತ್ತರದ್ದು ತೆಂಗಿನ ಮರ. ನೆಲ ತೋಡಿದರೆ ಸಿಹಿನೀರು ಬರುತ್ತೆ. ಆದರೆ ಆ ಸಿಹಿನೀರು ಕೆಳಗಿನ ಉಪ್ಪುನೀರಿನ ಮೇಲೆ ಹಾಲಿನ ಕೆನೆಯಂತೆ ತೇಲಿಕೊಂಡಿದೆ. ಕಡಲು ಉಬ್ಬಿದರೆ ಅಡುಗೆಮನೆಯ ಹಿಂದಿನ ಬಾವಿಯೂ ಉಬ್ಬುತ್ತೆ, ಕಡಲು ಇಳಿದರೆ ಬಾವಿಯೂ ಇಳಿಯುತ್ತೆ. ಆಸೆಬುರುಕರಾಗಿ ಜಾಸ್ತಿ ಸೇದಿದರೆ ಉಪ್ಪು ಮೇಲೆ ಬರುತ್ತೆ. ಮನೆಯ ಬಾವಿ ಸಮುದ್ರದ ಜೊತೆ ಉಸಿರಾಡೋದನ್ನು ನಾನು ಊಹಿಸಿಕೊಂಡೆ. ಮೈಮೇಲೆ ಮುಳ್ಳೆದ್ದಿತು. ಚಳಿಗೆ ಅಂತ ಅವರೆದುರು ನಟಿಸಿದೆ.

ಅವರ ಹರೆಯದಲ್ಲಿ ತೆಂಗಿನ ನಾರು, ಕೊಬ್ಬರಿ ತುಂಬಿಕೊಂಡು ಹಾಯಿ ಎತ್ತಿದರೆ ಮಂಗಳೂರು. ನಾರು ಕೊಟ್ಟು ಅಕ್ಕಿ ತರೋದು. ಹೋಗೋದು ಸುಲಭ, ಕಣ್ಣು ಮುಚ್ಚಿ ಹೊರಟರೂ ಇಂಡಿಯಾ ಎಲ್ಲಾದರೂ ಸಿಕ್ಕೇ ಸಿಗ್ತದೆ ಅಂದರು. ತಿರುಗಿ ಬರೋದೇ ಕಷ್ಟ. ತೆಂಗಿನ ತಲೆಗಿಂತ ಎತ್ತರವಿಲ್ಲದ ಒಂದು ಗೆರೆಯನ್ನು ಆ ನೀರಿನಲ್ಲಿ ಹುಡುಕಬೇಕು.

"ತಪ್ಪಿದ್ರೆ?" ಅಂದೆ.

"ತಪ್ಪಿದ್ರೆ ಮುಂದಿನದ್ದು ಆಫ್ರಿಕಾ," ಅಂದರು.

ಸಂಜೆ ಹಕ್ಕಿಗಳು ಯಾವ ಕಡೆ ಮನೆಗೆ ಹೊರಡ್ತವೆ ಅಂತ ನೋಡಬೇಕು, ರಾತ್ರಿ ನಕ್ಷತ್ರ. ಹಗಲು ಒಂದೊಂದು ಸಲ ದೂರದ ಮೋಡದ ಹೊಟ್ಟೆ ತೆಳ್ಳಗೆ ಹಸಿರಾಗಿ ಕಾಣ್ತದೆ. ದ್ವೀಪದ ಸುತ್ತ ಹವಳದ ಗೋಡೆಯೊಳಗಿನ ತಿಳಿನೀರಿನ ಬಣ್ಣ ಮೋಡಕ್ಕೆ ಹತ್ತಿರ್ತದೆ. ದ್ವೀಪ ಕಾಣುವ ಮೊದಲು ಅದರ ನೆರಳು ಆಕಾಶದಲ್ಲಿ ಕಾಣ್ತದೆ. ನಾನು ಹಾಲಿಹಿಲ್‌ನಿಂದ ಸಿಟಿಗೆ ಹೋಗೋಕೂ ಫೋನಿನಲ್ಲಿ ಮ್ಯಾಪ್ ಹಾಕೋನು. ಐರ್ಲೆಂಡಿನ ಮೋಡದ ಹೊಟ್ಟೆಯನ್ನೂ ಸುಮ್ಮನೆ ಒಮ್ಮೆ ನೋಡಿದೆ. ಬೂದಿ ಬಣ್ಣ.

ನಿಮ್ಮನ್ನು ಆಳೋದು ಯಾರು ಅಂತ ಕೇಳಿದೆ. ಒಂದು ಕಾಲದಲ್ಲಿ ನಿಮ್ಮ ಮೈಸೂರಿನ ಸುಲ್ತಾನರು ಅಂತ ಹೇಳಿ ನನ್ನ ಮುಖ ನೋಡಿದರು. ಸ್ಕೂಲಿನಲ್ಲಿ ಇದನ್ನು ಯಾರೂ ನನಗೆ ಹೇಳಿರಲಿಲ್ಲ. ಆಮೇಲೆ ಮಂಗಳೂರಿನ ಕಲೆಕ್ಟರು, ಅವರು ಕಳಿಸಿದ ಅಧಿಕಾರಿ. ತೆಂಗು ತಿನ್ನುವ ಇಲಿ ಹಿಡಿಯೋಕೆ ಅವನು ಕರೆದರೆ ಊರಿನ ಗಂಡಸರೆಲ್ಲ ಹೊರಡಬೇಕಿತ್ತಂತೆ, ಬಾರದವನಿಗೆ ದಂಡವಂತೆ. ಇವರು ಶಾಲೆಗೆ ಹೋಗುವ ಹೊತ್ತಿಗೆ ಆ ದ್ವೀಪಗಳನ್ನೆಲ್ಲ ಸೇರಿಸಿ ಕೇಂದ್ರಾಡಳಿತ ಪ್ರದೇಶ ಮಾಡಿದರು. ವಿಧಾನಸಭೆ ಇಲ್ಲ, ಮುಖ್ಯಮಂತ್ರಿ ಇಲ್ಲ. ದಿಲ್ಲಿಯಿಂದ ಬರುವ ಆಡಳಿತಾಧಿಕಾರಿ ಒಬ್ಬರು, ದ್ವೀಪದಿಂದ ದಿಲ್ಲಿಗೆ ಹೋಗುವ ಎಂಪಿ ಒಬ್ಬರು.

"ಮನೆಯಲ್ಲಿ ಬೇರೆ ಸರಕಾರ," ಅಂದರು. ಅಲ್ಲಿ ಮನೆ ಹೋಗೋದು ತಾಯಿಯಿಂದ ಮಗಳಿಗೆ. ತುಳುನಾಡಿನ ಅಳಿಯಕಟ್ಟಿನ ಹಾಗೆ. ಇವರಿರೋದು ಹೆಂಡತಿಯ ಮನೆ. ಐವತ್ತು ವರ್ಷ ಆದಮೇಲೂ ತಾನು ಅಲ್ಲಿ ಅತಿಥಿಯೇ, ಆದರೆ ಒಳ್ಳೆಯ ಅತಿಥಿ ಅಂತ ಹೇಳಿ ಮೊದಲ ಸಲ ನಕ್ಕರು. ಈಗ ಕೇಳಿಬಿಡೋಣ ಅಂತ ಬಾಯಿ ತೆರೆದೆ. ಅಷ್ಟರಲ್ಲಿ ದೋಣಿ ದಡ ಮುಟ್ಟಿತು.

ಇಳಿಯುವ ಹಲಗೆ ಹಾಕಿದರು. ಮೊದಲು ನಿಂತಿದ್ದವರು ತಾತ. ಇಳಿಯಲಿಲ್ಲ. ಹಿಂದೆ ಬೆನ್ನುಚೀಲದವರ ಸಾಲು ನಿಂತಿತು. ‘ಯು ಆರ್ ಗ್ರ್ಯಾಂಡ್, ಏನೂ ಆಗಲ್ಲ, ಬನ್ನಿ’ ಅಂತ ದೋಣಿಯ ಹುಡುಗ ಕೈ ಚಾಚಿದ. ತಾತ ಕದಲಲಿಲ್ಲ. ಇಲ್ಲಿ ಪರ್ಮಿಟ್ ಎಲ್ಲ ಬೇಡ ತಾತ, ಯಾರು ಬೇಕಾದ್ರೂ ಇಳೀಬಹುದು ಅಂತ ಕಿವಿಯಲ್ಲಿ ಹೇಳಿದೆ.

"ಯಾರೂ ಕರೀಲಿಲ್ಲ ಅಲ್ವಾ," ಅಂದರು.

ಕಟ್ಟೆಯ ಮೇಲೆ ಗ್ಯಾಸ್ ಸಿಲಿಂಡರಿಗೆ ಕಾಯುತ್ತಿದ್ದ ಒಬ್ಬ ಅಜ್ಜಿ ಏನಾಯ್ತು ಅಂತ ಕೇಳಿದರು. ರಬ್ಬರ್ ಬೂಟು, ಗಂಡಸರ ಕೋಟು. ಇವರೂ ದ್ವೀಪದವರು, ಇಲ್ಲಿಯವರು ಯಾರಾದರೂ ಕರೆದರೆ ಮಾತ್ರ ಇಳೀತಾರಂತೆ ಅಂದೆ. ಆಕೆ ನಗಲಿಲ್ಲ. ಕೈಗವಸು ತೆಗೆದು, ಕೋಟಿಗೆ ಕೈ ಒರೆಸಿಕೊಂಡು ಹಲಗೆಯವರೆಗೆ ಬಂದು, ಬನ್ನಿ, ನಮ್ಮಲ್ಲಿಗೆ ಬನ್ನಿ ಅಂತ ತಮ್ಮ ಐರಿಶ್ ಭಾಷೆಯಲ್ಲಿ ಅಂದರು. ಅನುವಾದ ಯಾರಿಗೂ ಬೇಕಾಗಲಿಲ್ಲ. ತಾತ ಆ ಕೈ ಹಿಡಿದು, ಬಲಗಾಲು ಮುಂದಿಟ್ಟು ಇಳಿದರು. ಹಿಂದಿನ ಸಾಲಿನವರಲ್ಲಿ ಒಬ್ಬರೂ ಗೊಣಗಲಿಲ್ಲ. ಇದೇ ದ್ವೀಪಕ್ಕೆ ನಾನು ಮೂರು ಸಲ ಬಂದಿದ್ದೇನೆ, ಮೂರು ಸಲವೂ ಜಿಗಿದು ಇಳಿದಿದ್ದೇನೆ.

ಅಜ್ಜಿ ಮನೆಗೆ ಕರೆದು ಚಹಾ ಕೊಟ್ಟರು. ಸಿಲಿಂಡರ್ ಹೊತ್ತವನು ನಾನು, ಮಧ್ಯೆ ಇಂಗ್ಲಿಷು, ಕನ್ನಡ ಹೊತ್ತವನೂ ನಾನೇ. ನಿಮ್ಮಲ್ಲಿ ಸರಕಾರ ಎಲ್ಲಿ ಅಂತ ತಾತ ಕೇಳಿದರು. ಅಜ್ಜಿ ಗದ್ದ ಎತ್ತಿ ಕಿಟಕಿಯಾಚೆ ನೀರಿನ ಆ ಬದಿಯ ದೊಡ್ಡ ನೆಲ ತೋರಿಸಿದರು. ನಿಮ್ಮಲ್ಲಿ ಎಲ್ಲಿ ಅಂತ ಆಕೆ ಕೇಳಿದಾಗ ತಾತನೂ ಹಾಗೇ ಗದ್ದ ಎತ್ತಿ, ಗೋಡೆಯನ್ನೂ ಅರ್ಧ ಭೂಮಿಯನ್ನೂ ದಾಟಿಸಿ ದಿಲ್ಲಿ ತೋರಿಸಿದರು. ಬಿರುಗಾಳಿಗೆ ದೋಣಿ ನಿಂತರೆ ಹಿಟ್ಟು ಎಷ್ಟು ದಿನಕ್ಕೆ ಸಾಕು, ಕಾಯಿಲೆಯಾದವರನ್ನು ಸಾಗಿಸೋದು ಹೇಗೆ ಅಂತೆಲ್ಲ ಮಾತಾಯ್ತು. ಹೆಲಿಕಾಪ್ಟರ್ ಅನ್ನೋ ಶಬ್ದವನ್ನು ಇಬ್ಬರೂ ಒಂದೇ ಥರ, ಸ್ವಲ್ಪ ಹೆದರಿ, ಸ್ವಲ್ಪ ನಂಬಿ ಹೇಳಿದರು. ಇಬ್ಬರ ರಾಗವನ್ನೂ ಹಿಡಿಯೋಕೆ ನಾಲಿಗೆ ತುರಿಸುತ್ತಿತ್ತು. ತುಟಿ ಕಚ್ಚಿಕೊಂಡೆ.

ನಮ್ಮ ಐರ್ಲೆಂಡಿನಲ್ಲಿ ಹಾವೇ ಇಲ್ಲ, ಒಬ್ಬ ಸಂತರು ಓಡಿಸಿದರು ಅಂತ ಅಜ್ಜಿ ಹೆಮ್ಮೆಯಿಂದ ಹೇಳಿದರು. ನಮ್ಮಲ್ಲೂ ಇಲ್ಲ ಅಂದರು ತಾತ. ನಿಮ್ಮಲ್ಲಿ ಓಡಿಸಿದ್ದು ಯಾರು ಅಂತ ಆಕೆ ಕೇಳಿದರು.

"ಓಡಿಸ್ಲಿಕ್ಕೆ ಅದು ಬರ್ಬೇಕಲ್ವಾ? ಹಾವಿಗೆ ಪರ್ಮಿಟ್ ಸಿಗಲಿಲ್ಲ."

ಅನುವಾದ ಮಾಡಿದೆ. ಅಜ್ಜಿ ಚಹಾ ಚೆಲ್ಲುವಷ್ಟು ನಕ್ಕರು. ತಾತ ನನ್ನನ್ನೇ ನೋಡುತ್ತಿದ್ದರು.

ವಾಪಸು ದೋಣಿಯಲ್ಲಿ ಅವರೇ ವಿಷಯಕ್ಕೆ ಬಂದರು. ಆ ರಾಜನ ಮಾತು ಒಮ್ಮೆ ಹೇಳು, ಕೇಳುವಾ ಅಂದರು. ಹೇಳಿದೆ. ನನ್ನ ಜೀವನದ ಅತಿ ಕೆಟ್ಟ ಪ್ರದರ್ಶನ ಅದು, ಸಾಮ್ರಾಜ್ಯ ಅನ್ನುವಾಗ ದನಿ ಬೆಕ್ಕಿನ ಮರಿಯಾಯ್ತು. ಅವರು ಕಣ್ಣು ಮುಚ್ಚಿ ಪೂರ್ತಿ ಕೇಳಿ, ಆಟೋ ಈಗ ಒಂದಲ್ಲ, ನಾಲ್ಕುಂಟು ಅಂತ ತಿದ್ದಿದರು. ಕ್ಷಮಿಸಿ ತಾತ ಅಂದೆ. ಹಾಗೇ ಉಸಿರು ಕಟ್ಟಿ ಟಿಕೆಟ್ಟು, ಹಾಲಿನವನು, ಅಪ್ಪನ ಹ್ಯಾಟ್, ಎಲ್ಲ ಹೇಳಿದೆ. ಮನೆ ತನ್ನದಲ್ಲ, ಹೆಂಡತಿಯನ್ನು ಕೇಳಬೇಕು ಅಂದರು. ದಡ ಸೇರಿ ಸಿಗ್ನಲ್ ಸಿಕ್ಕಿದಾಗ ಫೋನ್ ಮಾಡಿ ಅವರ ದ್ವೀಪದ ಮಾತಿನಲ್ಲಿ ಬಹಳ ಹೊತ್ತು ಮಾತಾಡಿದರು. ಆ ಕಡೆಯಿಂದ ಒಂದು ಹೆಂಗಸಿನ ದೊಡ್ಡ ನಗು ಕಾರಿನವರೆಗೂ ಕೇಳಿಸಿತು. ನಗು ಅಂದರೆ ಒಪ್ಪಿಗೆ ಅಂತ ನಾನು ಲೆಕ್ಕ ಹಾಕಿದೆ.

ಭಾನುವಾರ ಬೆಳಿಗ್ಗೆ ಕರೆ ಬಂತು. ಡಾಕ್ಟರಕ್ಕನ ಊಟದ ಮೇಜಿನ ಮೇಲೆ ಮೂರು ಕಾಗದ. ಅಪ್ಪನ ಹೆಸರಿನದಕ್ಕೆ ಸಹಿಯಾಗಿತ್ತು. ಅಮ್ಮನದಕ್ಕೂ ಆಗಿತ್ತು, ಅಕ್ಷರ ಸ್ವಲ್ಪ ದೊಡ್ಡದಾಗಿಯೇ. ಮೂರನೆಯದರಲ್ಲಿ ನನ್ನ ಹೆಸರಿತ್ತು, ಕೆಳಗೆ ಖಾಲಿ.

"ತಾತ, ನಂದು?" ಅಂದೆ.

ಅವರು ಪೆನ್ನಿಗೆ ನಿಧಾನವಾಗಿ ಮುಚ್ಚಳ ಹಾಕಿದರು. ಆಮೇಲೆ, "ತಾತ, ನಂದು?" ಅಂದರು. ನನ್ನದೇ ದನಿ. ಅದೇ ಮೈಸೂರು, ಅದೇ ಕೌಂಟರಿನ ಮುಂದಿನ ಒದ್ದೆ ಬೆಕ್ಕಿನ ಮರಿ, ಕೊನೆಯಲ್ಲಿ ಗೊತ್ತಿಲ್ಲದೆ ನನಗೆ ಅಂಟಿಕೊಂಡಿರುವ ಕಾರ್ಕ್‌ನ ಏರು ಕೂಡ ಬಿಟ್ಟಿರಲಿಲ್ಲ. ಇಷ್ಟು ವರ್ಷದಲ್ಲಿ ನನ್ನನ್ನು ನಾನೇ ಅಷ್ಟು ಚೆನ್ನಾಗಿ ಮಾಡಿದ್ದಿಲ್ಲ. ಡಾಕ್ಟರಕ್ಕ ಸೋಫಾದ ಮೇಲೆ ಕುಸಿದರು. ತಾತ ಎರಡು ಕಾಗದ ಮಡಚಿ ನನ್ನ ಕೈಗಿಟ್ಟು, ಮೂರನೆಯದನ್ನು ತಮ್ಮ ಜೇಬಿಗೆ ಹಾಕಿಕೊಂಡರು.

"ಅಪ್ಪ ಅಮ್ಮ ಬರ್ಲಿ, ಮಾರಾಯ. ನೀನು ಬರ್ಬೇಕಂತ ಇಲ್ಲ. ಅವರಿಗೆ ನಿನ್ನ ನೆನಪಾದ್ರೆ ನಾನು ಮಾತಾಡಿ ತೋರಿಸ್ತೇನೆ."