ಗುಳಿಗೆಗೂ ಚಹಾಕ್ಕೂ ನಡುವಿನ ತಾಸು

ಪಕ್ಕದ ಮನೆಯ ಬಸಣ್ಣನವರ ಅಡುಗೆಮನೆಯಿಂದ ಶುಂಠಿ ಕುದಿಯುವ ವಾಸನೆ ಕಾಂಪೌಂಡ್ ಗೋಡೆ ದಾಟಿ ಬರುತ್ತಿದೆ. ನಾನು ಈಗಷ್ಟೇ ಬರೀ ನೀರಿನಲ್ಲಿ ಥೈರಾಯ್ಡ್ ಗುಳಿಗೆ ನುಂಗಿ ಕೂತಿದ್ದೇನೆ. ಇನ್ನೊಂದು ತಾಸು ಚಹಾ ಮುಟ್ಟುವಂತಿಲ್ಲ. ಹೊಸಪೇಟೆಯವನನ್ನು ಬೆಳಗಿನ ಚಹಾ ಇಲ್ಲದೆ ಕೂರಿಸುವುದು ಎಂಥ ಶಿಕ್ಷೆ ಎಂದು ನಿಮಗೆ ಬಿಡಿಸಿ ಹೇಳಬೇಕಿಲ್ಲ. ಮಾಡಲು ಏನೂ ಇಲ್ಲದ ಈ ತಾಸಿನಲ್ಲಿ ಹಳೆಯದೆಲ್ಲ ನೆನಪಾಗುತ್ತದೆ.

ಹೆಂಡತಿ ತೀರಿಕೊಂಡ ವರ್ಷ ನನಗೆ ಚಳಿ ಶುರುವಾಯಿತು. ಅದೂ ಬೇಸಿಗೆಯಲ್ಲಿ. ಹೇಳಿ ಕೇಳಿ ನಮ್ಮೂರ ಬಿಸಿಲು, ಕಾಗೆ ಕೂಡ ನೆರಳು ಬಿಟ್ಟು ಹಾರುವುದಿಲ್ಲ. ಅಂಥದರಲ್ಲಿ ನಾನು ಸ್ವೆಟರ್ ತೊಟ್ಟು, ಕಿವಿಗೆ ಮಫ್ಲರ್ ಸುತ್ತಿಕೊಂಡು ತರಕಾರಿಗೆ ಹೋಗುತ್ತಿದ್ದೆ. ಹಂಪಿ ನೋಡಲು ಬಂದವರು ನನ್ನನ್ನೂ ಅಷ್ಟೇ ಕುತೂಹಲದಿಂದ ನೋಡುತ್ತಿದ್ದರು. ಮುಖ ಊದಿತು, ದನಿ ಗೊಗ್ಗರಾಯಿತು, ಒಂದು ಅಂಗಿ ಒಗೆಯಲು ಒಂದು ಹೊತ್ತೇ ಬೇಕಾಯಿತು. ಸಂಡೂರಿನಿಂದ ಬಂದ ತಂಗಿ, "ವೈನಿ ಚಿಂತಿ ಭಾಳ ಹಚ್ಚಿಗೊಂಡಿಯಣ್ಣ" ಎಂದಳು. ಹೆಂಡತಿಯ ಚಿಂತೆಯೇ ಇರಬೇಕೆಂದು ನಾನೂ ನಂಬಿದೆ. ನಂಬಿದ್ದಷ್ಟೇ ಅಲ್ಲ, ಒಳಗೊಳಗೇ ಸಮಾಧಾನಪಟ್ಟೆ. ಅವಳಿಗಾಗಿ ಇಷ್ಟಾದರೂ ಆಗಬೇಡವೇ? ತಂಗಿ ಊರಿಗೆ ಮರಳಿದ ಮೇಲೆ ಯಾರನ್ನೂ ಮನೆಯೊಳಗೆ ಕರೆಯುವುದನ್ನೇ ಬಿಟ್ಟೆ.

ನನ್ನನ್ನು ಬಿಡದವರು ಬಸಣ್ಣ ಒಬ್ಬರೇ. ಕಂಪ್ಲಿಯಲ್ಲಿ ಅಕ್ಕಿ ಗಿರಣಿ ನಡೆಸಿ ಸಾಕಾಗಿ ಇಲ್ಲಿಗೆ ಬಂದವರು. ಬೆಳಕು ಹರಿಯುತ್ತಲೇ ಗೋಡೆಯ ಮೇಲೆ ಒಂದು ಲೋಟ ಚಹಾ ಇಟ್ಟು, ನಾನು ಕುಡಿದು ಮುಗಿಸುವವರೆಗೆ ಆಚೆ ನಿಂತಿರುತ್ತಿದ್ದರು. ಅವರೇ ಒಂದು ದಿನ ನನ್ನ ಮುಖವನ್ನು ದಿಟ್ಟಿಸಿ ಹೇಳಿದರು.

"ದುಃಖಕ್ಕ ಕಣ್ಣಾಗ ನೀರು ಬರ್ತಾವ್ರಿ, ಮಾರಿ ಊದಂಗಿಲ್ಲ. ನಡೀರಿ ದವಾಖಾನಿಗೆ."

ರಕ್ತ ಪರೀಕ್ಷೆ ಮಾಡಿದಾಗ ಥೈರಾಯ್ಡ್ ಗ್ರಂಥಿ ಸರಿಯಾಗಿ ಕೆಲಸ ಮಾಡುತ್ತಿಲ್ಲವೆಂದು ತಿಳಿಯಿತು. "ಅದು ಹೆಂಗಸರಿಗೆ ಬರೋದಲ್ರಿ?" ಎಂದು ಬಸಣ್ಣ ಕೇಳಿದರು. "ಗಂಡಸರಿಗೂ ಬರ್ತೈತ್ರಿ, ನೋಡಿಸಿಕೊಳ್ಳೋದಿಲ್ಲ ಅಷ್ಟ" ಎಂದರು ಡಾಕ್ಟರಮ್ಮ.

ಗುಳಿಗೆ ಶುರುವಾಯಿತು, ಸ್ವೆಟರ್ ಮಾತ್ರ ಇಳಿಯಲಿಲ್ಲ. ಗುಳಿಗೆಯ ಪ್ರಮಾಣ ಏರಿಸಿದರೂ ಅದೇ ಹಾಡು. ಕೊನೆಗೆ ಡಾಕ್ಟರಮ್ಮ ಕೇಳಿದರು, "ಗುಳಿಗಿ ಹೆಂಗ ತಗೋತೀರಿ?"

"ಬಸಣ್ಣಾರ ಚಾದಾಗ್ರಿ. ಖಾಲಿ ಹೊಟ್ಟಿಲೆ ಗುಳಿಗಿ ನುಂಗಬಾರದಂತ ನಮ್ಮವ್ವ ಹೇಳ್ತಿದ್ಲು."

ಅವರು ಹಣೆ ಒತ್ತಿಕೊಂಡರು. "ಇದನ್ನ ಖಾಲಿ ಹೊಟ್ಟಿಲೇನ, ಬರೀ ನೀರಾಗ ತಗೋಬೇಕ್ರಿ. ಚಾ ಏನಿದ್ರೂ ತಾಸು ಬಿಟ್ಟು."

ಬಸಣ್ಣನವರಿಗೆ ಹೇಳಲು ನನಗೆ ಬಾಯಿ ಬರಲಿಲ್ಲ. ಮುಂದೆ ಇಟ್ಟ ಚಹಾ ಬೇಡವೆನ್ನುವುದು ನಮ್ಮಲ್ಲಿ ಕಾಲು ಕೆರೆದು ಜಗಳ ತೆಗೆದಂತೆ. ಅದಕ್ಕಿಂತ ಹೆಚ್ಚಾಗಿ, ಇಡೀ ದಿನದಲ್ಲಿ ನನ್ನನ್ನು ಕರೆಯುವ ದನಿ ಅದೊಂದೇ. ಅದೂ ನಿಂತರೆ? ಹೆದರುತ್ತಲೇ ಹೇಳಿದೆ. ಬಸಣ್ಣ ಲೋಟ ಎತ್ತಿಕೊಂಡು ಒಳಗೆ ಹೋದರು. ನಾನು ಅಂಗಳದಲ್ಲೇ ಕೂತೆ. ತಾಸು ಕಳೆದ ಮೇಲೆ ಲೋಟ ಮತ್ತೆ ಗೋಡೆಯ ಮೇಲೆ ಬಂತು.

"ನಾನೂ ಕುಡದಿಲ್ರಿ" ಎಂದರು.

ಕೆಲವು ತಿಂಗಳಲ್ಲಿ ಸ್ವೆಟರ್ ಪೆಟ್ಟಿಗೆ ಸೇರಿತು, ದನಿ ಮರಳಿತು. ಆಗ ಹೊಸ ದಿಗಿಲು ಹುಟ್ಟಿತು. ನನ್ನ ದುಃಖದಲ್ಲಿ ಅವಳ ಪಾಲೆಷ್ಟು, ಗ್ರಂಥಿಯ ಪಾಲೆಷ್ಟು? ಗುಳಿಗೆ ಅವಳನ್ನೂ ಕರಗಿಸಿಬಿಟ್ಟರೆ? ಹಾಗೇನೂ ಆಗಲಿಲ್ಲ. ಚಳಿ ಹೋಯಿತು, ಬಾವು ಇಳಿಯಿತು, ಬೆಳಗಿನ ಈ ತಾಸು ಮಾತ್ರ ಉಳಿಯಿತು. ಇದಕ್ಕೆ ಯಾವ ರೋಗದ ಹೆಸರೂ ಇಲ್ಲ. ಅವಳಿಲ್ಲ, ಅಷ್ಟೇ. ನನಗೆ ಒಂಟಿ ಅನ್ನಿಸುತ್ತದೆ.

ಅಗೋ, ಗೋಡೆಯಾಚೆ ಕೆಮ್ಮು ಕೇಳಿಸಿತು.

"ತಾಸಾತೇನ್ರಿ?"

"ಆತ್ರಿ. ಇವತ್ತು ಗ್ವಾಡಿ ಮ್ಯಾಲ ಇಡಬ್ಯಾಡ್ರಿ ಬಸಣ್ಣಾರ, ಒಳಗ ಬರ್ರಿ" ಎಂದೆ. "ಆಕಿ ಕುಂದ್ರೂ ಜಾಗ ಖಾಲಿ ಐತಿ."